ಕುರಿ ಹಡಗಿನ ಚೀಫ್

ಫಳ್ನೀರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಡಗಿನಲ್ಲಿ ಚೀಫ್ ಇಂಜಿನಿಯರ್ ಆಗಿದ್ದವರು. ಹಾಗಾಗಿ ವಾಚ್‌ಮನ್‌ನಿಂದ ಹಿಡಿದು ಎಲ್ಲರಿಗೂ ಚೀಫ್. ಈಚೆಗೆ ಅವರು ತೀರಿಕೊಂಡರು. ಅಂದಿನಿಂದ ಅವರ ಬಗ್ಗೆ ಒಳ್ಳೆಯ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶಾಂತ ಸ್ವಭಾವದವರಾಗಿದ್ದರಂತೆ. ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಿದ್ದರಂತೆ. ನಾನು ಎದುರಿನ ಫ್ಲ್ಯಾಟಿನವಳು; ಅವರು ಬಾಗಿಲು ದಢಾರನೆ ಹಾಕಿಕೊಳ್ಳುವ ಸದ್ದನ್ನು ವರ್ಷಗಟ್ಟಲೆ ಕೇಳಿದವಳು. ಚೀಫ್ ಮಹಾ ಕೋಪಿಷ್ಠರು. ಸತ್ತ ಮೇಲೆ ಆ ಕೋಪವನ್ನು ತೊಳೆದು ಒರೆಸಿ ಅವರನ್ನು ಸಾಧುವಾಗಿ ಮಾಡಲು ಹೊರಟಿದ್ದಾರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬ್ಯಾರಿ ಮುಸಲ್ಮಾನರ ಕುಟುಂಬ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಚೀಫ್ ನನ್ನನ್ನು ಟೀಚರ್ ಎನ್ನುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಚೀಫ್‌ರ ಮನೆಯವರು ಒಂದು ಕಾಲದಲ್ಲಿ ಗದ್ದೆ, ಗೇಣಿ ಎಂದು ಬಾಳಿದವರು. ಈಗ ಅಣ್ಣತಮ್ಮಂದಿರೆಲ್ಲ ಹೋಟೆಲು ನಡೆಸುತ್ತಾರೆ. ಇವರೊಬ್ಬರು ಮಾತ್ರ ಸಮುದ್ರಕ್ಕೆ ಹೋದರು.

ಅವರ ಒಂದು ಅಭ್ಯಾಸ ನನಗೆ ಮೊದಲು ವಿಚಿತ್ರವಾಗಿ ಕಾಣುತ್ತಿತ್ತು. ಯಾವ ಕೋಣೆಗೆ ಹೋದರೂ, ಕುಳಿತುಕೊಳ್ಳುವ ಮೊದಲು ಅಂಗೈಯನ್ನು ಸ್ವಲ್ಪ ಮೇಲೆತ್ತಿ ಹಿಡಿಯುತ್ತಿದ್ದರು. ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡುವುದು. ಮದುವೆ ಹಾಲ್‌ನಲ್ಲಿ, ಆಸ್ಪತ್ರೆಯಲ್ಲಿ, ನನ್ನ ಮಗಳ ನಿಶ್ಚಿತಾರ್ಥದ ದಿನ ನಮ್ಮ ಮನೆಯ ನಡುಕೋಣೆಯಲ್ಲಿ ಕೂಡ. ಗಾಳಿ ಬರುವುದಿಲ್ಲವೆಂದು ಕಂಡರೆ ಯಾರ ಮನೆ ಎಂದೂ ನೋಡದೆ ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದರು.

ಒಮ್ಮೆ ಮಧ್ಯಾಹ್ನ ಕರೆಂಟು ಹೋಗಿ, ಮೂರನೇ ಮಹಡಿಯ ಮನೆಗೆಲಸಕ್ಕೆ ಬರುವ ಹೆಂಗಸು ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ. ನಮ್ಮ ಸೆಕ್ರೆಟರಿ ಕೆಳಗೆ ನಿಂತು, "ಐದು ನಿಮಿಷದಲ್ಲಿ ಕರೆಂಟ್ ಬರ್ತದೆ ಚೀಫ್. ಎಂತ ಅಷ್ಟು ಅರ್ಜೆಂಟ್?" ಎಂದರು.

"ಹಾಗಾದ್ರೆ ಅವಳನ್ನು ತೆಗೆದು ನಿಮ್ಮನ್ನು ಹಾಕುವ. ನಾನು ಹೊರಗೆ ಕೂತು ಐದು ನಿಮಿಷ ಕಾಯ್ತೇನೆ" ಎಂದರು ಚೀಫ್. ತಾವೇ ಮೇಲಿನ ಮೋಟಾರಿನ ಕೋಣೆಗೆ ಹತ್ತಿ, ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನು ಇಳಿಸಿ ಅವಳನ್ನು ಹೊರಗೆ ತಂದರು. ಅವಳು ಬೆವರಿನಲ್ಲಿ ತೊಯ್ದು ನೆಲದ ಮೇಲೇ ಕುಳಿತುಬಿಟ್ಟಳು. ಸೆಕ್ರೆಟರಿಗೆ ಆ ದಿನ ಬಿದ್ದ ಬೈಗುಳ ತುಳುವಿನಲ್ಲಿತ್ತು. ಅದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ನನಗಿಲ್ಲ.

ಕೊನೆಯ ಕೆಲವು ವರ್ಷ ಅವರು ಕೆಲಸ ಮಾಡಿದ್ದು ಕುರಿ ಸಾಗಿಸುವ ಹಡಗಿನಲ್ಲಿ. ಮೊದಲು ಕಾರು ಸಾಗಿಸುತ್ತಿದ್ದ ಹಳೆಯ ಹಡಗು. ಅದರ ಹೊಟ್ಟೆಯೊಳಗೆ ಕಬ್ಬಿಣದ ದೊಡ್ಡಿಗಳನ್ನು ಮಹಡಿ ಮಹಡಿಯಾಗಿ ಕಟ್ಟಿ ಕುರಿ ಹಡಗು ಮಾಡಿದ್ದರಂತೆ. ಆಫ್ರಿಕಾದ ತೀರದಿಂದ ಕುರಿ ತುಂಬಿಸಿ ಗಲ್ಫಿಗೆ. ಕೆಳಗಿನ ಮಹಡಿಗಳಿಗೆ ಕಿಟಕಿ ಇಲ್ಲ. ದೊಡ್ಡ ಫ್ಯಾನುಗಳು ಕೊಳವೆಯಲ್ಲಿ ಊದುವ ಗಾಳಿಯೇ ಅಲ್ಲಿಯ ಉಸಿರು.

ಅದರಲ್ಲಿ ತಮ್ಮ ಕೊನೆಯ ಪ್ರಯಾಣದ ಕಥೆಯನ್ನು ಅವರು ನನಗೆ ಒಂದೇ ಸಲ ಕೂತು ಹೇಳಲಿಲ್ಲ. ಒಂದು ದಿನ ಒಂದು ಮಾತು, ಮತ್ತೊಂದು ದಿನ ಮತ್ತೊಂದು. ಎಲ್ಲ ಕೂಡಿಸಿದರೆ ಆಗುವುದು ಇಷ್ಟು. ಹೊರಡುವ ಮೊದಲೇ ಒಂದು ಜನರೇಟರು ಸರಿ ಇರಲಿಲ್ಲ. ರಿಪೇರಿ ಆಗದೆ ಹೊರಡಬಾರದೆಂದು ಇವರು ಕಂಪೆನಿಗೆ ಹೇಳಿದರು. ಕಂಪೆನಿಯವರು ಹೊರಡಿ ಎಂದರು. ದಾರಿಯಲ್ಲಿ ಅದು ನಿಂತಿತು. ಅದೇ ಹೊತ್ತಿಗೆ ಗಾಳಿ ಹಿಂದಿನಿಂದ ಬೀಸತೊಡಗಿತು.

"ಹಿಂದಿನಿಂದ ಗಾಳಿ ಬಂದ್ರೆ ಒಳ್ಳೇದಲ್ವಾ?" ಎಂದು ನಾನು ಕೇಳಿದ್ದೆ.

"ಹಾಯಿ ಹಡಗಿಗೆ ಒಳ್ಳೇದು ಟೀಚರ್. ನಮಗಲ್ಲ. ಹಡಗು ಹೋಗುವ ಸ್ಪೀಡಿನಲ್ಲೇ ಗಾಳಿಯೂ ಹಿಂದಿನಿಂದ ಬಂದ್ರೆ ಡೆಕ್ಕಿನ ಮೇಲೆ ಗಾಳಿಯೇ ಇಲ್ಲ. ಬಟ್ಟೆ ಒಣಗಲಿಕ್ಕೆ ಹಾಕಿದ್ರೆ ಅಲ್ಲಾಡುದಿಲ್ಲ. ಆಗ ಹಡಗನ್ನು ತಿರುಗಿಸ್ಬೇಕು, ಗಾಳಿಗೆ ಮುಖ ಕೊಟ್ಟು ಸ್ವಲ್ಪ ಓಡಿಸ್ಬೇಕು. ಅವಕ್ಕೆ ಉಸಿರು ಬರ್ತದೆ. ಮತ್ತೆ ದಾರಿ ಹಿಡೀಬೇಕು."

ಕ್ಯಾಪ್ಟನ್ ತಿರುಗಿಸಲು ಆಫೀಸನ್ನು ಕೇಳಿದ. ಎಣ್ಣೆ ಖರ್ಚು, ತಡ, ಬೇಡ ಎಂದಿತು ಆಫೀಸು. ಚೀಫ್ ಫೋನು ಕಿತ್ತುಕೊಂಡು ತಾವೇ ಮಾತಾಡಿದರು. ಆಚೆ ಕಡೆಯವನು ಬಹಳ ಮರ್ಯಾದೆಯಿಂದ, ಹೇಗೂ ಕಡಿಯುವ ಕುರಿಗಳಲ್ಲವೇ ಎಂದನಂತೆ.

ಚೀಫ್ ಕೆಳಗೆ ಹೋಗಿ, ತಮ್ಮ ಕೋಣೆಯೂ ಸೇರಿ ಹಡಗಿನವರೆಲ್ಲರ ಕೋಣೆಯ ಏಸಿ ನಿಲ್ಲಿಸಿ, ಆ ವಿದ್ಯುತ್ತನ್ನು ಕೆಳಗಿನ ಫ್ಯಾನುಗಳಿಗೆ ಕೊಟ್ಟರು. ಜೊತೆಯವರು ಹೊಡೆಯಲು ಬಂದರು. ಆದರೂ ಗಾಳಿ ಸಾಕಾಗಲಿಲ್ಲ. ಕೆಳಗಿನ ಮಹಡಿಯ ಕುರಿಗಳು ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ, ಗಾಳಿ ಬರುವ ಕೊಳವೆಯ ಬಾಯಿಗೆ ಒಂದರ ಮೇಲೊಂದು ಹತ್ತಿದವು. ಕೆಳಗೆ ಸಿಕ್ಕಿದವು ಮೊದಲು ಸತ್ತವು. ಸತ್ತವನ್ನು ಎಳೆದು ಸಮುದ್ರಕ್ಕೆ ಹಾಕುವುದರಲ್ಲಿ ದಿನಗಳು ಹೋದವು. ಬಂದರು ಮುಟ್ಟಿದ ಮೇಲೆ ಕಂಪೆನಿ ಚೀಫ್‌ರನ್ನು ಮನೆಗೆ ಕಳಿಸಿತು. ಜೊತೆಯವರೊಂದಿಗೆ ಹೊಂದಿಕೊಳ್ಳುವುದಿಲ್ಲ ಎಂದು ಕಾರಣ ಕೊಟ್ಟರಂತೆ. ಆಮೇಲೆ ಯಾವ ಕಂಪೆನಿಯೂ ಅವರನ್ನು ಕರೆಯಲಿಲ್ಲ.

ಇಷ್ಟೆಲ್ಲ ಆದ ಮನುಷ್ಯ ಸೊಪ್ಪು ತಿಂದುಕೊಂಡು ಇರುತ್ತಿದ್ದರೆಂದು ತಿಳಿಯಬೇಡಿ. ಭಾನುವಾರ ಮಟನ್ ಸುಕ್ಕ ಇಲ್ಲದಿದ್ದರೆ ಅಕ್ಕನೊಡನೆ ಜಗಳ. ನಾಯಿ ಕಂಡರೆ ರಸ್ತೆ ದಾಟುತ್ತಿದ್ದರು. ಅಪಾರ್ಟ್‌ಮೆಂಟಿನ ಮಕ್ಕಳು ಬೆಕ್ಕಿನ ಮರಿ ತಂದರೆ, "ನನ್ನ ಬಾಗಿಲಿಗೆ ತರ್ಬೇಡಿ" ಎಂದು ಗದರುತ್ತಿದ್ದರು.

ನನ್ನ ಗಂಡನ ಅಣ್ಣ, ನನಗೆ ಭಾವ, ಆಡು ಕುರಿಯ ವ್ಯಾಪಾರದವರು. ಊರಲ್ಲಿ ಅವರನ್ನು ಹಾಜಿ ಎನ್ನುತ್ತಾರೆ. ಬಯಲುಸೀಮೆಯ ಸಂತೆಗಳಿಂದ ಲಾರಿಯಲ್ಲಿ ತಂದು ಇಲ್ಲಿ ಮಾರುವುದು. ಕರಾವಳಿಯಿಂದಲೇ ಜೀವಂತ ಕುರಿಗಳನ್ನು ಹಡಗಿನಲ್ಲಿ ಗಲ್ಫಿಗೆ ಕಳಿಸಲು ಅನುಮತಿ ಸಿಗಬಹುದೆಂದು ಒಮ್ಮೆ ಸುದ್ದಿ ಎದ್ದಿತು. ಭಾವನಿಗೆ ಭಾರೀ ಹುರುಪು. ಊರಿನಲ್ಲಿ ಪರ ವಿರೋಧ ಶುರುವಾಯಿತು. ಜೀವದಯೆಯ ಒಂದು ಸಂಘ ಹಾಲ್ ತೆಗೆದುಕೊಂಡು ಚರ್ಚೆ ಇಟ್ಟಿತು. ಅದರ ಅಧ್ಯಕ್ಷರು ದೊಡ್ಡ ಬಿಲ್ಡರ್. ವ್ಯಾಪಾರದವರ ಪರವಾಗಿ ಭಾವ ಮಾತಾಡುವುದು, ಸಂಘದ ಪರವಾಗಿ ಚೀಫ್.

ಚೀಫ್ ಮೈಕು ಹಿಡಿದವರೇ ಮೊದಲು ಹೇಳಿದ್ದು, "ನಾನು ಕುರಿ ತಿನ್ತೇನೆ. ನಿನ್ನೆಯೂ ತಿಂದಿದ್ದೇನೆ. ನಾನಿರುವ ಫ್ಲ್ಯಾಟೂ ಕುರಿ ಹಡಗಿನ ಸಂಬಳದ್ದು. ಅದನ್ನು ಮೊದಲೇ ಹೇಳಿಬಿಡ್ತೇನೆ." ಅಧ್ಯಕ್ಷರ ಮುಖ ಸಣ್ಣದಾಯಿತು. ಆಮೇಲೆ ಚೀಫ್ ಹಡಗಿನ ಕೆಳಗಿನ ಮಹಡಿಯಲ್ಲಿ ಕಂಡದ್ದನ್ನು ಹೇಳಿದರು. "ಕಡಿಯುವುದಾದ್ರೆ ಇಲ್ಲೇ ಕಡೀರಿ, ಮಾಂಸ ಮಾಡಿ ಕಳಿಸಿ. ಅದಕ್ಕೆ ಫ್ರೀಜರ್ ಹಡಗು ಉಂಟು. ಮಾಂಸಕ್ಕೆ ಬಾಯಾರುದಿಲ್ಲ. ಮಾಂಸಕ್ಕೆ ಸೆಕೆ ಆಗುದಿಲ್ಲ" ಎಂದರು.

ಭಾವ ಎದ್ದು ನಿಂತರು. ಅವರು ಭಾಷಣಗಾರರಲ್ಲ, ಆದರೆ ಆ ದಿನ ಮಾತಾಡಿದರು. "ಚೀಫ್ ಕಂಡದ್ದು ಸುಳ್ಳಂತ ನಾನು ಹೇಳುದಿಲ್ಲ. ಇಲ್ಲೇ ಕಡೀರಿ ಅಂದ್ರಲ್ಲ, ಎಲ್ಲಿ ಕಡಿಯುದು? ಒಳ್ಳೆ ಕಸಾಯಿಖಾನೆ ಕಟ್ಟುವ ಅಂದ್ರೆ ಇದೇ ಹಾಲ್‌ನಲ್ಲಿ ಕೂತವರು ಬೋರ್ಡು ಹಿಡ್ಕೊಂಡು ಬೀದಿಗೆ ಬರ್ತಾರೆ. ಇಲ್ಲಿ ಕಡಿಯಲಿಕ್ಕೂ ಬಿಡುದಿಲ್ಲ, ಜೀವಂತ ಕಳಿಸಲಿಕ್ಕೂ ಬಿಡುದಿಲ್ಲ. ಕುರಿ ಸಾಕಿದವ ಎಂತ ಮಾಡ್ಬೇಕು? ಗಲ್ಫಿನವರು ಒಳ್ಳೆ ರೇಟ್ ಕೊಡ್ತಾರೆ. ಹಬ್ಬಕ್ಕೆ ಅವರಿಗೆ ಜೀವಂತವೇ ಬೇಕು."

ಹಾಲ್‌ನ ಹಿಂದಿನಿಂದ ಯಾರೋ ಕೂಗಿದರು. ಚೀಫ್ ಕೈಯೆತ್ತಿ ಸುಮ್ಮನಾಗಿಸಿ, "ಹಾಜಿ ಕೇಳಿದ್ದು ಸರಿ ಉಂಟು" ಎಂದರು. ವೇದಿಕೆಯಲ್ಲಿದ್ದ ಅಧ್ಯಕ್ಷರ ಕಡೆಗೆ ತಿರುಗಿ, "ನೀವು ಹೇಳಿ. ಹಡಗು ಬೇಡ ಅಂತ ಸೈನ್ ಹಾಕ್ತೀರಿ. ಒಳ್ಳೆ ಕಸಾಯಿಖಾನೆ ಬೇಕು ಅಂತ ಸೈನ್ ಹಾಕ್ತೀರಾ?" ಎಂದು ಕೇಳಿದರು.

ಅಧ್ಯಕ್ಷರು ನಕ್ಕು, ಸಮಯದ ಅಭಾವ ಎಂದರು. ವಂದನಾರ್ಪಣೆ ಮುಗಿಸಿ ಎಲ್ಲರೂ ಚಹಾಕ್ಕೆ ಎದ್ದರು.

ಆ ವಾರದಲ್ಲೇ ವಾಟ್ಸಾಪಿನಲ್ಲಿ ಒಂದು ವಿಡಿಯೋ ತುಣುಕು ಬಂತು. ಕುರಿಗಳು ಬಾಯಿ ತೆರೆದು ಸಾಯುವುದನ್ನು ಚೀಫ್ ವರ್ಣಿಸುವ ಭಾಗ ಮಾತ್ರ. ನಡುವೆ ಭಾವನ ಮುಖ. ಕೆಳಗೆ, 'ಇವರ ವ್ಯಾಪಾರ ನೋಡಿ.' ಕುರಿ ತಿನ್ನುತ್ತೇನೆ ಎಂದದ್ದಿಲ್ಲ. ಹಾಜಿ ಕೇಳಿದ್ದು ಸರಿ ಎಂದದ್ದೂ ಇಲ್ಲ. ನನಗೆ ಅದನ್ನು ಕಳಿಸಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ನಾನು ಯಾರೆಂದು ಮರೆತು ಕಳಿಸಿದರೋ, ನೆನಪಿಟ್ಟೇ ಕಳಿಸಿದರೋ, ಇಂದಿಗೂ ಗೊತ್ತಿಲ್ಲ.

ಬಕ್ರೀದಿನ ಮುಂಚಿನ ದಿನಗಳವು. ಒಂದು ಮಧ್ಯಾಹ್ನ ಭಾವನ ಫೋನು ಬಂತು. ಅವರು ಸಂತೆಗೆ ಹೋಗಿದ್ದರು. ಆಡು ತುಂಬಿದ ಅವರ ಲಾರಿಯನ್ನು ತೊಕ್ಕೊಟ್ಟಿನ ಆಚೆ ಹುಡುಗರು ತಡೆದು ನಿಲ್ಲಿಸಿದ್ದಾರೆ, ಡ್ರೈವರಿಗೆ ಹೊಡೆದಿದ್ದಾರೆ, ಕೀ ಕಿತ್ತುಕೊಂಡಿದ್ದಾರೆ ಎಂದರು. ನನ್ನ ಗಂಡ ಊರಲ್ಲಿರಲಿಲ್ಲ. ನಾನು ಕಾರಿನ ಕೀ ಹಿಡಿದು ಬಾಗಿಲು ತೆರೆಯುವಾಗ ಚೀಫ್ ತಮ್ಮ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿ ಎಂತ ಎಂದರು. ಹೇಳಿದೆ. ಚಪ್ಪಲಿ ಹಾಕಿಕೊಂಡು ಬಂದರು.

ಲಾರಿ ಹೆದ್ದಾರಿಯ ಬದಿಯಲ್ಲಿ, ಒಂದು ಮರದ ನೆರಳೂ ಇಲ್ಲದ ಕಡೆ ನಿಂತಿತ್ತು. ಮೇಲೆ ಟರ್ಪಾಲು ಬಿಗಿದಿತ್ತು. ಹುಡುಗರು ಆಚೆಯ ಅಂಗಡಿಯ ನೆರಳಿನಲ್ಲಿ ನಿಂತು ಮೊಬೈಲು ನೋಡುತ್ತಿದ್ದರು. ಡ್ರೈವರ್ ಚಕ್ರಕ್ಕೆ ಒರಗಿ ಕೂತಿದ್ದ. ಹಣೆಯಿಂದ ರಕ್ತ ಇಳಿದು ಒಣಗಿತ್ತು. ಚೀಫ್ ಮೊದಲು ಅವನಿಗೆ ನೀರು ಕುಡಿಸಿ, ಎದ್ದು ಕಾರಿನಲ್ಲಿ ಕೂರಲು ಹೇಳಿದರು. ಆಮೇಲೆ ಲಾರಿಗೆ ಹತ್ತಿ ಟರ್ಪಾಲಿನ ಹಗ್ಗ ಬಿಚ್ಚತೊಡಗಿದರು.

ಒಬ್ಬ ಓಡಿ ಬಂದ. "ಯಾರು ಮಾರಾಯ್ರೆ ನೀವು? ಇಳೀರಿ" ಎಂದವನು, ಮುಖ ಕಂಡು ಮೆತ್ತಗಾದ. "ಓ, ಚೀಫ್ ಸರ್. ನಿಮ್ಮ ವಿಡಿಯೋ ನೋಡಿಯೇ ನಾವು ಇದೆಲ್ಲ ಮಾಡಿದ್ದು ಸರ್."

ಚೀಫ್ ಟರ್ಪಾಲು ಸರಿಸಿದರು. ಒಳಗಿನ ಬಿಸಿ ಕೆಳಗೆ ನಿಂತ ನನ್ನ ಮುಖಕ್ಕೂ ಬಡಿಯಿತು. ಬದುಕಿದ್ದ ಆಡುಗಳಿಗೆ ಕೂಗುವ ಶಕ್ತಿ ಇರಲಿಲ್ಲ. ಬಾಯಿ ತೆರೆದು ನಿಂತಿದ್ದವು. ಅವುಗಳ ಕಾಲಡಿಯಲ್ಲಿ ಸತ್ತವು.

"ಬಾ ಮೇಲೆ" ಎಂದರು ಚೀಫ್ ಆ ಹುಡುಗನಿಗೆ. ಸ್ವರ ಎತ್ತಲಿಲ್ಲ. "ನನ್ನ ವಿಡಿಯೋ ನೋಡಿದ್ದಿ ಅಲ್ವಾ? ಇದನ್ನೂ ನೋಡು. ಬಾ."

ಅವನು ಹತ್ತಲಿಲ್ಲ. ಅವನ ಜೊತೆಯವರು ಬೈಕು ಸ್ಟಾರ್ಟ್ ಮಾಡುವ ಸದ್ದು ಕೇಳಿತು. ಲಾರಿಯ ಕೀಯನ್ನು ನೆಲಕ್ಕೆ ಎಸೆದು ಅವನೂ ಹೋದ. ಅಂಗಡಿಯವನು ಪೈಪು ಕೊಟ್ಟ. ಚೀಫ್ ಅಂಗಿ ಒದ್ದೆ ಮಾಡಿಕೊಂಡು ಆಡುಗಳಿಗೆ ನೀರು ಹಾಯಿಸಿದರು. ನಾನು ಬಕೆಟು ಹಿಡಿದೆ. ಭಾವನೂ ಅವುಗಳನ್ನು ನಿಲ್ಲಲೂ ಜಾಗವಿಲ್ಲದಷ್ಟು ತುಂಬಿಸಿದ್ದರೆಂಬುದನ್ನು ಆಗ ಕಣ್ಣಾರೆ ಕಂಡೆ. ಅದನ್ನೂ ಇಲ್ಲಿ ಬರೆಯಲೇಬೇಕು.

ಲಾರಿಯನ್ನು ನೆರಳಿಗೆ ಸರಿಸಿ, ಅಂಗಡಿಯವನಿಗೆ ನೋಡಿಕೊಳ್ಳಲು ಹೇಳಿ, ಡ್ರೈವರನ್ನು ಆಸ್ಪತ್ರೆಗೆ ಬಿಟ್ಟು, ಚೀಫ್ ಕಾರನ್ನು ಜೆಪ್ಪುವಿಗೆ ತಿರುಗಿಸಲು ಹೇಳಿದರು. ಅಲ್ಲಿ ಅಧ್ಯಕ್ಷರ ಮನೆ. ಆಡಿನ ವಾಸನೆ ಹೊಡೆಯುವ ಒದ್ದೆ ಅಂಗಿಯಲ್ಲೇ ಇವರು ಸೋಫಾದ ಮೇಲೆ ಕೂತರು. ಅಧ್ಯಕ್ಷರು ಪುನರ್ಪುಳಿ ಶರಬತ್ತು ತರಿಸಿದರು.

"ನನ್ನ ಮಾತು ಪೂರ್ತಿ ಹಾಕಿ. ಇಲ್ಲದಿದ್ರೆ ಅದನ್ನು ತೆಗೆಸಿ. ನಿಮ್ಮ ಹುಡುಗರೇ ಕತ್ತರಿಸಿದ್ದು ಅಂತ ನನಗೆ ಗೊತ್ತುಂಟು" ಎಂದರು ಚೀಫ್.

"ಹುಡುಗರ ಉತ್ಸಾಹ ಚೀಫ್. ತಪ್ಪಾಗಿದೆ, ನಾನು ಹೇಳ್ತೇನೆ. ಆದ್ರೆ ಉದ್ದೇಶ ಒಳ್ಳೇದಲ್ವಾ?"

"ಲಾರಿಯಲ್ಲಿ ಆಡು ಸತ್ತಿದೆ. ಬಿಸಿಲಿಗೆ ಮುಚ್ಚಿ ಇಟ್ಟು ಸಾಯಿಸಿದ್ದಾರೆ."

ಅಧ್ಯಕ್ಷರು ನಿಟ್ಟುಸಿರಿಟ್ಟರು. "ಬೇಜಾರೇ. ಆದ್ರೂ, ಹೇಗೂ ಕಡಿಯಲಿಕ್ಕೇ ಕೊಂಡೋಗ್ತಾ ಇದ್ದದ್ದಲ್ವಾ?"

ಚೀಫ್ ಗ್ಲಾಸನ್ನು ಮೇಜಿನ ಮೇಲಿಟ್ಟರು. ನಾನು ಬೈಗುಳಕ್ಕೆ ಕಾದೆ. ಬರಲಿಲ್ಲ. "ಇದೇ ಮಾತು ನನಗೆ ಹಡಗಿನ ಕಂಪೆನಿಯವ ಹೇಳಿದ್ದ. ಅವನದ್ದು ವ್ಯಾಪಾರ, ಅವನು ಹೇಳ್ತಾನೆ. ನಿಮ್ಮದು ಎಂತ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೊರಗೆ ಬಂದರು. ಕಾರಿನಲ್ಲಿ ಕೂತವರು, "ಅವನಿಗೆ ಕುರಿಯ ಮೇಲೆ ಕರುಣೆ ಅಂತ ನಾನು ನಂಬಿದ್ದೆ ಟೀಚರ್. ಎಷ್ಟು ದೊಡ್ಡ ಬೆಪ್ಪ ನಾನು" ಎಂದರು.

ಭಾವ ಸಂತೆಯಿಂದ ಬಂದವರು ಸೀದಾ ಚೀಫ್ ಮನೆಗೆ ಹೋದರು. ಬಾಗಿಲು ತೆರೆದೇ ಇದ್ದದ್ದರಿಂದ ಎಲ್ಲ ನನಗೆ ಕೇಳಿತು.

"ನಿಮ್ಮ ಬಾಯಿಂದಲೇ ನನ್ನ ಲಾರಿ ನಿಂತದ್ದು. ನೀರು ಹಾಕಿದ್ರಿ ಅಂತ ಥ್ಯಾಂಕ್ಸ್ ಹೇಳ್ಬೇಕಾ?"

"ಬೇಡ. ನನಗೆ ನಿಮ್ಮಲ್ಲೂ ಜಗಳ ಉಂಟು ಹಾಜಿ. ಅಷ್ಟು ಆಡು ಆ ಲಾರಿಯಲ್ಲಿ ಹಿಡೀತದಾ? ನಾಳೆ ಹಡಗಿಗೂ ಹೀಗೇ ತುಂಬಿಸ್ತೀರಿ."

"ಹಡಗಿನಲ್ಲಿ ಸತ್ರೆ ಇನ್ಶೂರೆನ್ಸ್ ಉಂಟು ಚೀಫ್. ಯಾರಿಗೂ ಲಾಸ್ ಇಲ್ಲ."

"ಕುರಿಗೆ ಉಂಟಲ್ಲ ಮಾರಾಯ್ರೆ" ಎಂದು ಚೀಫ್ ಕೂಗಿದ್ದು ಇಡೀ ಮಹಡಿಗೆ ಕೇಳಿತು. ಅಂದಿನಿಂದ ಅವರಿಬ್ಬರೂ ಮಾತು ಬಿಟ್ಟರು.

ಕೆಲವು ತಿಂಗಳಲ್ಲಿ ಆ ಹಡಗಿನ ಪ್ರಸ್ತಾಪ ಬಿದ್ದುಹೋಯಿತು. ಏಕೆ ಎಂದು ಯಾರೂ ಹೇಳಲಿಲ್ಲ. ಖಂಡಿತ ಕುರಿಗಳ ಮೇಲಿನ ಕನಿಕರದಿಂದಲ್ಲ. ಸಂಘದವರು ಪೇಡೆಯ ಪೆಟ್ಟಿಗೆ ಹಿಡಿದು ಅಪಾರ್ಟ್‌ಮೆಂಟಿಗೆ ಬಂದರು. ಚೀಫ್ ಬಾಗಿಲಲ್ಲೇ ನಿಂತು, "ಇಲ್ಲಿಂದ ಹೋಗುದಿಲ್ಲ ಅಷ್ಟೆ. ಬೇರೆ ಬಂದರಿನಿಂದ ಹೋಗ್ತದೆ, ಇನ್ನೂ ಹಳೇ ಹಡಗಿನಲ್ಲಿ, ಇನ್ನೂ ದೂರ ಲಾರಿಯಲ್ಲಿ ಹೋಗಿ. ನಿಮಗೆ ಕಾಣುದಿಲ್ಲ, ಅದಕ್ಕೆ ಪೇಡೆ" ಎಂದು ಬಾಗಿಲು ಹಾಕಿಕೊಂಡರು. ಆ ಸದ್ದಿಗೆ ನಮ್ಮ ಮನೆಯ ಕಿಟಕಿ ಅದುರಿತು.

ಅವರು ತೀರಿಕೊಂಡದ್ದು ಹೃದಯಾಘಾತದಿಂದ, ಬೆಳಗ್ಗೆ ಪೇಪರು ಓದುತ್ತಾ. ಕ್ರಿಯಾಕರ್ಮವೆಲ್ಲ ಮುಗಿದ ಮೇಲೆ ಒಂದು ದಿನ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸುವ ಕ್ರಮ ಅವರಲ್ಲಿದೆ. ಅಕ್ಕ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ನಮಗೆಲ್ಲ ಊಟ ಇಟ್ಟಿದ್ದರು. ನಾವೂ ಉಣ್ಣಬೇಕೆಂದು ಮಾಂಸವನ್ನು ಹಲಾಲ್ ಅಂಗಡಿಯಿಂದಲೇ ತರಿಸಿದ್ದರು. ಭಾವನೂ ಬಂದಿದ್ದರು. ಯಾರೂ ಕರೆಯದೆ ಅಧ್ಯಕ್ಷರೂ ಬಂದರು. ಜೊತೆಯಲ್ಲಿ ಶಾಲು, ಫಲಕ, ಕ್ಯಾಮರಾ. ಫಲಕದ ಮೇಲೆ 'ಪ್ರಾಣಿಪ್ರೇಮಿ' ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಅವರು ಚೀಫ್‌ರ ಸೌಮ್ಯ ಗುಣಗಳ ಬಗ್ಗೆ ತುಸು ಮಾತಾಡಿ ಅಕ್ಕನನ್ನು ಮುಂದೆ ಕರೆದರು.

ಅಕ್ಕ ಹೋದರು. ಫಲಕವನ್ನು ಮುಟ್ಟಲಿಲ್ಲ. "ಇವರಿಗೆ ಪ್ರಾಣಿಗಳ ಮೇಲೆ ಪ್ರೀತಿ ಎಂತದ್ದೂ ಇರ್ಲಿಲ್ಲ. ನಾಯಿ ಅಂದ್ರೆ ಆಗುದಿಲ್ಲ. ಯಾರನ್ನೂ ಹಿಂಸೆ ಮಾಡ್ಬಾರದು, ಕೊಲ್ಲುದಾದ್ರೂ ಹಿಂಸೆ ಕೊಟ್ಟು ಕೊಲ್ಬಾರದು ಅಂತ ಹೇಳ್ತಿದ್ರು, ಅಷ್ಟೆ. ಅದು ಪ್ರೀತಿ ಅಲ್ಲ, ಅದು ಮರ್ಯಾದೆ" ಎಂದರು. ಆಮೇಲೆ, "ಇವರು ಇದ್ದಿದ್ರೆ ನಿಮ್ಮನ್ನು ಒಳಗೆ ಬಿಡ್ತಿರ್ಲಿಲ್ಲ. ನಾನು ಬಿಟ್ಟಿದ್ದೇನೆ. ಮಟನ್ ಸುಕ್ಕ ಉಂಟು, ಊಟ ಮಾಡಿ ಹೋಗಿ" ಎಂದರು.

ಕ್ಯಾಮರಾದವನು ಕ್ಯಾಮರಾ ಇಳಿಸಿದ. ಅಧ್ಯಕ್ಷರು ಫಲಕವನ್ನು ಶಾಲಿನಲ್ಲಿ ಸುತ್ತಿಕೊಂಡು ಹೋದರು.

ಪಕ್ಕದ ಎಲೆಯಲ್ಲಿ ಕೂತಿದ್ದ ಭಾವ ನನ್ನ ಕಿವಿಯ ಹತ್ತಿರ ಬಾಗಿ, ನಮ್ಮ ಭಾಷೆಯಲ್ಲಿ, "ಒಳ್ಳೆ ಕೊಟ್ಟರು" ಎಂದರು. ಅವರ ಮುಖದಲ್ಲಿ ಗೆದ್ದವರ ಸಂತೋಷವಿತ್ತು. ಅದನ್ನು ಕಂಡು ನನ್ನ ಮೈ ಉರಿಯಿತು.

"ಭಾವ, ನೀವು ಈಗ ಬೇರೆ ಬಂದರಿನಿಂದ ಕುರಿ ಕಳಿಸ್ತಾ ಇದ್ದೀರಲ್ಲ, ಆ ಹಡಗು ನೋಡಿದ್ದೀರಾ?"

"ನಾನೆಂತಕ್ಕೆ ನೋಡುದು? ಏಜೆಂಟ್ ಉಂಟು."

"ಒಳಗೆ ಇಳಿದು ಕೆಳಗಿನ ಮಹಡಿಯವರೆಗೆ ಹೋಗಿ ನೋಡಿ. ಅಲ್ಲಿ ಸ್ವಲ್ಪ ಹೊತ್ತು ನಿಂತು ಬನ್ನಿ. ಆಮೇಲೆ ಕಳಿಸಿ."

ಭಾವ ಎಲೆಯ ಮೇಲಿನ ಅನ್ನ ಕಲಸತೊಡಗಿದರು. ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಕೊನೆಗೆ, ನೋಡುವ ಎಂದರು.

ಇನ್ನೂ ನೋಡಿಲ್ಲ. ಜುಮಾ ಮುಗಿಸಿ ಶುಕ್ರವಾರ ಅವರು ನಮ್ಮಲ್ಲಿ ಊಟಕ್ಕೆ ಬರುವುದು ರೂಢಿ. ಬಂದಾಗಲೆಲ್ಲ, ಬಡಿಸುವ ಮೊದಲು, ಹಡಗು ನೋಡಿದಿರಾ ಎಂದು ಕೇಳಿದೆ. ಮನೆಯವರೆಲ್ಲರ ಎದುರು ಕೇಳಿದೆ. ಈಗ ಅವರು ಬರುವುದನ್ನು ಬಿಟ್ಟಿದ್ದಾರೆ. ಅಣ್ಣನನ್ನು ದೂರ ಮಾಡಿದೆಯಲ್ಲ ಎಂದು ನನ್ನ ಗಂಡನಿಗೆ ಬೇಸರ. ಇರಲಿ. ಶುಕ್ರವಾರ ಊಟದ ಹೊತ್ತಿಗೆ ನಾನು ಅವರಿಗೆ ಫೋನು ಮಾಡುತ್ತೇನೆ.